ಅಲ್ಲಿಯ ಸಿಮ್ ಆಮೇಲೆ, ಮೊದಲು ಊರಿನ ನಂಬರ್ ಉಳಿಸಿಕೊಳ್ಳಿ

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಮಕ್ಕಳು ಓದಲು ಹೊರಟಿದ್ದಾರೆ, ಗಂಡನಿಗೆ ಹೊರಗೆ ಕೆಲಸ ಸಿಕ್ಕಿದೆ, ತಮ್ಮ ಗಲ್ಫ್‌ಗೆ ಹೋಗುತ್ತಿದ್ದಾನೆ, ಅಲ್ಲಿ ಫೋನಿಗೆ ಏನು ಮಾಡೋದು ಅಂತ ಎಲ್ಲರೂ ಕೇಳಿದ್ದಾರೆ. ನಾನು ಆರು ವರ್ಷ ಜರ್ಮನಿಯಲ್ಲಿದ್ದು ಮಡಿಕೇರಿಗೆ ವಾಪಸ್ ಬಂದವಳು. ಈ ವಿಷಯದಲ್ಲಿ ನಾನೂ ಪೆಟ್ಟು ತಿಂದಿದ್ದೇನೆ. ಆದ್ದರಿಂದ ಈ ಬಾರಿ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಮಗಳು ಸೆಪ್ಟೆಂಬರ್ ಕೊನೆಗೆ ಎಂ.ಎಸ್. ಓದಲು ಜರ್ಮನಿಗೆ ಹೋಗುತ್ತಿದ್ದಾಳೆ. ಇಳಿದ ಕೂಡಲೇ ಅವಳಿಗೆ ಫೋನ್ ಬೇಕು. ಎರಡು ವರ್ಷದ ಪ್ಲಾನ್ ತೆಗೆದುಕೊಂಡರೆ ಅಗ್ಗ ಅಂತ ಅವಳ ಸ್ನೇಹಿತೆ ಹೇಳಿದ್ದಾಳೆ. ಇಲ್ಲಿನ ಸಿಮ್ ನನ್ನ ಹತ್ತಿರ ಬಿಟ್ಟು ಹೋಗು, ಬ್ಯಾಂಕಿನ ಒಟಿಪಿ ಬಂದರೆ ನಾನೇ ಹೇಳುತ್ತೇನೆ ಅಂದಿದ್ದೇನೆ. ಸರೀನಾ?
*ಒಬ್ಬ ತಾಯಿ, ನಾಪೋಕ್ಲು*

ಅಮ್ಮಾ, ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಸಿಮ್ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. ಮಗಳ ಜೊತೆ ಕಳಿಸಿ.

ನಾನು ಹೋಗುವಾಗ ನನ್ನ ಸಿಮ್ಮನ್ನು ಒಂದು ಚಿಕ್ಕ ಫೋನಿಗೆ ಹಾಕಿ ಅಮ್ಮನ ಕೈಗೆ ಕೊಟ್ಟು ಹೋಗಿದ್ದೆ. ನಮ್ಮ ಮನೆಯೊಳಗೆ ಸಿಗ್ನಲ್ ಇರಲಿಲ್ಲ. ತೋಟದ ಮೇಲ್ಗಡೆ, ಗೇಟಿನ ಹತ್ತಿರ ಒಂದು ಸಿಲ್ವರ್ ಓಕ್ ಮರದ ಬುಡದಲ್ಲಿ ನಿಂತರೆ ಮಾತ್ರ ಎರಡು ಕಡ್ಡಿ ಬರುತ್ತಿತ್ತು. 2015ರ ಜುಲೈಯಲ್ಲಿ ಒಂದು ದಿನ ನಾನು ಅಲ್ಲಿಂದ ದುಡ್ಡು ಕಳಿಸಬೇಕಿತ್ತು. ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅವರು ಕೊಡೆ ಹಿಡಿದು, ಸುರಿಯುವ ಮಳೆಯಲ್ಲಿ, ಕಾಲಿಗೆ ಜಿಗಣೆ ಹತ್ತಿಸಿಕೊಂಡು ಮೇಲೆ ಹೋಗಿ, ಒಟಿಪಿ ಬರುವ ತನಕ ಕಾದು, ಅಂಗೈಯಲ್ಲಿ ಬರೆದುಕೊಂಡು ಕೆಳಗೆ ಬಂದು ಲ್ಯಾಂಡ್‌ಲೈನ್ ಎತ್ತುವ ಹೊತ್ತಿಗೆ ಅದರ ಸಮಯ ಮುಗಿದಿತ್ತು. ಹಾಗೆ ನಾಲ್ಕು ಸಲ ಹತ್ತಿ ಇಳಿದರು. ಮೂರನೇ ಸಲ ಅಂಗೈಯ ಶಾಯಿ ಮಳೆಗೆ ಅಳಿಸಿಹೋಗಿತ್ತು. ನಾಲ್ಕನೇ ಸಲಕ್ಕೆ ಕರೆಂಟ್ ಹೋಗಿ ಸಿಗ್ನಲ್ಲೂ ಇಲ್ಲ. ಮಾರನೇ ದಿನ ಅವರಿಗೆ ಜ್ವರ. ಈಗಲೂ ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಈಗ ಟವರ್ ಜಾಸ್ತಿಯಾಗಿವೆ, ನಿಜ. ಆದರೆ ನಮ್ಮ ಮಳೆಗಾಲ ನಿಮಗೆ ಗೊತ್ತಲ್ಲ. ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ ಅಂದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಒಟಿಪಿ ಬರುವ ನಂಬರ್ ಒಟಿಪಿ ಬೇಕಾದವರ ಕೈಯಲ್ಲೇ ಇರಬೇಕು.

ಅದಕ್ಕೆ ಮಾಡಬೇಕಾದದ್ದು ಇಷ್ಟೇ. ಹೊರಡುವ ಒಂದು ವಾರ ಮುಂಚೆ, ಊರಲ್ಲಿ ಇರುವಾಗಲೇ, ಅವಳ ನಂಬರಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ. ಅಲ್ಲಿ ಹೋದ ಮೇಲೆ ಇದನ್ನು ಮಾಡಿಸಲು ಪರದಾಡಿದವರನ್ನು ತುಂಬಾ ನೋಡಿದ್ದೇನೆ. ಫೋನಿನಲ್ಲಿ ನಮ್ಮ ಸಿಮ್‌ನ ಡೇಟಾ ಮತ್ತು ಡೇಟಾ ರೋಮಿಂಗ್ ಎರಡನ್ನೂ ಆಫ್ ಮಾಡಿ ಇಡಲಿ. ಬರುವ ಎಸ್ಸೆಮ್ಮೆಸ್‌ಗೆ ದುಡ್ಡು ಹೋಗುವುದಿಲ್ಲ, ಆದರೆ ಬಂದ ಕರೆ ಎತ್ತಿದರೆ ಹೋಗುತ್ತದೆ. ಹಾಗಾಗಿ ನೀವೂ ನೆಂಟರೂ ಆ ನಂಬರಿಗೆ ಸುಮ್ನೆ ಕರೆ ಮಾಡಬೇಡಿ. ಬ್ಯಾಂಕಿಗೆ ಮಾತ್ರ ಅಂತ ಅದನ್ನು ಬಿಟ್ಟುಬಿಡಿ.

ರೀಚಾರ್ಜ್ ಮರೆಯಬೇಡಿ. 90 ದಿನ ಏನೂ ಬಳಕೆ ಇಲ್ಲದಿದ್ದರೆ ನಂಬರ್ ಕಡಿಯಲು ಕಂಪನಿಗೆ ಅವಕಾಶ ಇದೆ. ಸಿಮ್ಮಿನ ಬ್ಯಾಲೆನ್ಸ್ 20 ರೂಪಾಯಿ ಇದ್ದರೆ ಅದನ್ನು ಕತ್ತರಿಸಿಕೊಂಡು ಇನ್ನೂ 30 ದಿನ ಉಳಿಸುತ್ತಾರೆ, ಆದರೆ ಅದನ್ನೇ ನಂಬಿ ಕೂರಬೇಡಿ. 2024ರ ಡಿಸೆಂಬರ್‌ನಲ್ಲಿ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್ ನಿಯಮ ಬದಲಿಸಿದ ಮೇಲೆ ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್ಸೆಮ್ಮೆಸ್‌ನ ಪ್ಯಾಕ್‌ಗಳು ಬಂದಿವೆ, ಅವಧಿ 365 ದಿನದವರೆಗೆ. ಅಂಥದ್ದೊಂದನ್ನು ಹಾಕಿಸಿ. ಮುಂದಿನ ವರ್ಷ ಯಾವ ತಾರೀಕಿಗೆ ಮುಗಿಯುತ್ತದೆ ಅಂತ ಅಡುಗೆಮನೆ ಕ್ಯಾಲೆಂಡರಿನಲ್ಲಿ ನೀವೇ ಬರೆದಿಡಿ. ಸಿಮ್ ಬೇಡ, ಈ ಜವಾಬ್ದಾರಿ ಇಟ್ಟುಕೊಳ್ಳಿ.

ಇನ್ನು ಜರ್ಮನಿಯ ಸಿಮ್. 2017ರ ಜುಲೈಯಿಂದ ಅಲ್ಲಿ ಗುರುತು ತೋರಿಸದೆ ಪ್ರೀಪೇಯ್ಡ್ ಸಿಮ್ ಚಾಲೂ ಆಗುವುದಿಲ್ಲ. ಸಿಮ್ ಪ್ಯಾಕೆಟ್ಟೇನೋ ದಿನಸಿ ತರುವ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಚಾಲೂ ಮಾಡಲು ಮಾತ್ರ ವಿಡಿಯೊ ಕರೆಯಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ಫೋಟೊ ಇರುವ ಪುಟವನ್ನು ಕ್ಯಾಮೆರಾ ಮುಂದೆ ಹಿಡಿದು, ಅದರ ಮೇಲಿನ ಹೊಳೆಯುವ ಗುರುತು ಕಾಣುವ ಹಾಗೆ ಮೆಲ್ಲಗೆ ವಾಲಿಸಿ ಅನ್ನುತ್ತಾರೆ. ಬೆಳಕು ಸಾಲದಿದ್ದರೆ ಮತ್ತೆ ಮೊದಲಿಂದ. ವಿಡಿಯೊ ಬೇಡ ಅಂದರೆ, ಕಂಪನಿ ಆ ದಾರಿ ಇಟ್ಟಿದ್ದರೆ, ಪಾಸ್‌ಪೋರ್ಟ್ ಹಿಡಿದು ಪೋಸ್ಟ್ ಆಫೀಸಿಗೆ ಹೋಗಿ ಅಲ್ಲೇ ಗುರುತು ಮಾಡಿಸಬಹುದು. ಎರಡಕ್ಕೂ ವಿಳಾಸ ಬೇಕು, ಹಾಸ್ಟೆಲ್ ವಿಳಾಸ ಸಾಕು.

ಒಂದು ಮಾತು ನೆನಪಿಡಿ. ಜರ್ಮನಿಯಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಬಾಗಿಲು ತೆಗೆಯುವುದಿಲ್ಲ. ಅಕ್ಟೋಬರ್ 3 ಅವರ ರಾಷ್ಟ್ರೀಯ ರಜೆ, ಅವತ್ತೂ ಇಲ್ಲ. ಗೋಣಿಕೊಪ್ಪದಲ್ಲಿ ಭಾನುವಾರ ಸಂತೆ ನೋಡಿ ಬೆಳೆದ ನಮಗೆ ಇದು ತಲೆಗೇ ಹೋಗುವುದಿಲ್ಲ. ಶನಿವಾರ ರಾತ್ರಿ ಇಳಿದ ಮಗು ಸೋಮವಾರದ ತನಕ ಸಿಮ್ ಇಲ್ಲದೆ ಇರಬೇಕಾಗಬಹುದು. ಆದ್ದರಿಂದ ಮೊದಲ ವಾರಕ್ಕೆ ಮಾತ್ರ ಇಲ್ಲಿನ ನಂಬರಿಗೇ ಒಂದು ಚಿಕ್ಕ ರೋಮಿಂಗ್ ಪ್ಯಾಕ್ ಹಾಕಿ ಕಳಿಸಿ, ಆ ಒಂದು ವಾರ ಡೇಟಾ ಆನ್ ಇರಲಿ. ದುಬಾರಿ ಅನ್ನಿಸುತ್ತದೆ, ಆದರೂ ಹಾಕಿ. ಹೊಸ ಊರಲ್ಲಿ ರಾತ್ರಿ ಹಾಸ್ಟೆಲ್ ದಾರಿ ಹುಡುಕುವಾಗ ಮ್ಯಾಪ್ ಇಲ್ಲದೆ ನಿಲ್ಲುವುದಕ್ಕಿಂತ ಆ ದುಡ್ಡು ಹೋದರೆ ಹೋಗಲಿ. ಇ-ಸಿಮ್ ಅಂದರೆ ಪ್ಲಾಸ್ಟಿಕ್ ತುಂಡು ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. ಏಜೆಂಟರು ಇಲ್ಲೇ ಮಾರುವ ಪ್ರವಾಸಿ ಇ-ಸಿಮ್‌ಗಳಲ್ಲಿ ಹೆಚ್ಚಿನವಕ್ಕೆ ಫೋನ್ ನಂಬರೇ ಇರುವುದಿಲ್ಲ, ಬರೀ ಡೇಟಾ. ಅಲ್ಲಿ ಮನೆ ನೋಡಲು, ಬ್ಯಾಂಕಿಗೆ, ಡಾಕ್ಟರಿಗೆ ಎಲ್ಲದಕ್ಕೂ ಜರ್ಮನ್ ನಂಬರ್ ಕೇಳುತ್ತಾರೆ.

ಎರಡು ವರ್ಷದ ಪ್ಲಾನ್ ಈಗಲೇ ಬೇಡ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. 2014ರಲ್ಲಿ ಹೋದ ತಿಂಗಳಲ್ಲೇ ಸ್ಟೇಷನ್ ಪಕ್ಕದ ಒಂದು ಅಂಗಡಿಯಲ್ಲಿ, ಭಾಷೆ ಅರ್ಧಂಬರ್ಧ ಬರುತ್ತಿದ್ದಾಗ, ಹೊಸ ಫೋನ್ ಸಿಗುತ್ತದೆ ಅನ್ನುವ ಆಸೆಗೆ 24 ತಿಂಗಳಿಗೆ ಸಹಿ ಹಾಕಿದೆ. ಬೇಡ ಅಂತ ಹೇಳುವುದಾದರೆ ಮುಗಿಯುವ ಮೂರು ತಿಂಗಳು ಮುಂಚೆಯೇ ಕಾಗದ ಬರೆಯಬೇಕು ಅಂತ ಅದರಲ್ಲಿ ಇತ್ತು. ನಾನು ಓದಲಿಲ್ಲ, ಇನ್ನೊಂದು ವರ್ಷ ತಾನಾಗಿಯೇ ಮುಂದುವರಿಯಿತು. ಬಳಸದ ಸಿಮ್ಮಿಗೆ 12 ತಿಂಗಳು ದುಡ್ಡು ಕಟ್ಟಿದೆ. ಈಗ ಅಲ್ಲಿನ ಕಾನೂನು ಬದಲಾಗಿದೆ. 2021ರ ಡಿಸೆಂಬರ್‌ನಿಂದ, ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ಮುನ್ಸೂಚನೆ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಆದರೆ ಆ ಮೊದಲ 24 ತಿಂಗಳು ಹಾಗೇ ಇದೆ. ಓದು ಮುಗಿದು ಕೆಲಸ ಬೇರೆ ದೇಶದಲ್ಲಿ ಸಿಕ್ಕರೆ ಏನು ಮಾಡುತ್ತಾಳೆ?

ಇನ್ನೂ ಒಂದು ಕಾರಣ ಇದೆ. ಕಾಂಟ್ರಾಕ್ಟ್ ಕೊಡುವ ಮುಂಚೆ ಷೂಫಾ ಅನ್ನುವ ಸಂಸ್ಥೆಯಲ್ಲಿ ನಿಮ್ಮ ಸಾಲದ ದಾಖಲೆ ನೋಡುತ್ತಾರೆ. ಹೊಸದಾಗಿ ಹೋದವರ ದಾಖಲೆ ಎಲ್ಲಿಂದ ಬರಬೇಕು? ಜೊತೆಗೆ ಅಲ್ಲಿನ ಬ್ಯಾಂಕ್ ಖಾತೆ ಕೇಳುತ್ತಾರೆ. ಬ್ಯಾಂಕಿನವರು ಫೋನ್ ನಂಬರ್ ಕೇಳುತ್ತಾರೆ. ಈ ಸುತ್ತಾಟ ತಪ್ಪಿಸುವುದು ಪ್ರೀಪೇಯ್ಡ್ ಸಿಮ್ ಒಂದೇ. ನಮ್ಮಲ್ಲಿ 28 ದಿನದ ರೀಚಾರ್ಜ್ ಇದ್ದ ಹಾಗೆ ಅಲ್ಲೂ 4 ವಾರದ ಪ್ಯಾಕ್‌ಗಳಿವೆ. ಆಲ್ಡಿ ಟಾಕ್ ಅನ್ನುವ ಸಿಮ್ ನಡೆಯುವುದು ಓ2 ಕಂಪನಿಯ ಟವರ್ ಮೇಲೆ, ಲಿಡ್ಲ್ ಕನೆಕ್ಟ್ ವೊಡಾಫೋನ್ ಮೇಲೆ, ಕಾಂಗ್‌ಸ್ಟಾರ್ ಡಾಯ್ಚ ಟೆಲಿಕಾಂ ಮೇಲೆ. ಯಾವುದು ಒಳ್ಳೆಯದು ಅಂತ ಇಲ್ಲಿ ಕೂತು ಹೇಳಲಿಕ್ಕಾಗುವುದಿಲ್ಲ. ನಮ್ಮಲ್ಲೇ ಒಂದು ಗುಡ್ಡದ ಈ ಬದಿಗೆ ಒಂದು ಕಂಪನಿ ಸಿಕ್ಕರೆ ಆ ಬದಿಗೆ ಇನ್ನೊಂದು ಸಿಗುತ್ತದೆ, ಅಲ್ವಾ? ಅದೇ ಹಾಸ್ಟೆಲಿನಲ್ಲಿ ಈಗ ಇರುವ ಹುಡುಗಿಯರನ್ನು ಕೇಳಲಿ, ಕೋಣೆಯೊಳಗೆ ಯಾವುದು ಸಿಗುತ್ತದೆ ಅಂತ. ರಜೆಯಲ್ಲಿ ಫ್ರಾನ್ಸೋ ಇಟಲಿಯೋ ನೋಡಲು ಹೋದರೆ ಅದೇ ಸಿಮ್ ನಡೆಯುತ್ತದೆ, 2017ರ ಜೂನ್‌ನಿಂದ ಐರೋಪ್ಯ ಒಕ್ಕೂಟದೊಳಗೆ ರೋಮಿಂಗಿಗೆ ಬೇರೆ ಶುಲ್ಕ ಇಲ್ಲ. ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಗಡಿ ದಾಟುವ ಮುಂಚೆ ಪ್ಯಾಕ್‌ನಲ್ಲಿ ಅದು ಸೇರಿದೆಯಾ ಅಂತ ನೋಡಿಕೊಳ್ಳಲಿ.

ದುಬೈಯಲ್ಲಿ ಹೋಟೆಲ್ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಕಣ್ಣೂರಿನಿಂದ ವಿಮಾನ. ಅಲ್ಲಿ ವಾಟ್ಸಾಪ್ ಕಾಲ್ ಹೋಗಲ್ಲ ಅಂತಾರೆ, ನಿಜವಾ? ನನ್ನ ಏಜೆಂಟ್ ಕಡೆಯವರೊಬ್ಬರು ತಮ್ಮ ಹೆಸರಿನ ಸಿಮ್ ಕೊಡುತ್ತೇನೆ ಅಂದಿದ್ದಾರೆ. ತೆಗೆದುಕೊಳ್ಳಬಹುದಾ ಅಕ್ಕ?
*ಸಿದ್ದಾಪುರದ ಓದುಗ*

ಬೇಡ ತಮ್ಮಾ, ತೆಗೆದುಕೊಳ್ಳಬೇಡ. ಇನ್ನೊಬ್ಬರ ಹೆಸರಿನ ಸಿಮ್ ಅಂದರೆ ಇನ್ನೊಬ್ಬರ ಮನೆಯ ಬೀಗದಕೈ ಇದ್ದ ಹಾಗೆ, ಅವರು ಯಾವತ್ತು ಬೇಕಾದರೂ ಕಿತ್ತುಕೊಳ್ಳಬಹುದು. ನಿನ್ನ ಸಂಬಳದ ಮೆಸೇಜ್, ಬ್ಯಾಂಕಿನ ಮೆಸೇಜ್ ಎಲ್ಲ ಆ ನಂಬರಿಗೇ ಬರುತ್ತದೆ. ನಾಳೆ ಆ ಮನುಷ್ಯನಿಗೂ ನಿನಗೂ ಮಾತಿಗೆ ಮಾತು ಬಂದರೆ?

ಇಳಿದ ಮೇಲೆ ಪಾಸ್‌ಪೋರ್ಟ್ ತೋರಿಸಿ ಸಂದರ್ಶಕರ ಸಿಮ್ ತೆಗೆದುಕೊ. ಅಲ್ಲಿ ದೊಡ್ಡ ಕಂಪನಿಗಳು ಎರಡು, ಹಿಂದೆ ಎತಿಸಲಾತ್ ಅಂತ ಇದ್ದ ಇ ಆ್ಯಂಡ್ (e&) ಮತ್ತು ಡು. ಎಮಿರೇಟ್ಸ್ ಐಡಿ, ಅಂದರೆ ಅಲ್ಲಿನ ಗುರುತಿನ ಚೀಟಿ, ಕೈಗೆ ಬಂದ ದಿನವೇ ಹೋಗಿ ನಂಬರನ್ನು ಆ ಐಡಿಗೆ ಸೇರಿಸು. ಇದನ್ನು ಮುಂದೂಡಿದರೆ ಲೈನ್ ಕಡಿಯುತ್ತಾರೆ. ನಿನ್ನ ಐಡಿಯಲ್ಲಿ ಬೇರೆಯವರಿಗೂ ಸಿಮ್ ತೆಗೆದುಕೊಡಬೇಡ, ರೂಮ್‌ಮೇಟ್ ಎಷ್ಟೇ ಒಳ್ಳೆಯವನಾದರೂ.

ವಾಟ್ಸಾಪ್ ವಿಷಯ ನಿಜ. ಅಲ್ಲಿ ಮೆಸೇಜು, ಫೋಟೊ, ಧ್ವನಿ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಸರ್ಕಾರ ಒಪ್ಪಿಗೆ ಕೊಟ್ಟ ಬೋಟಿಮ್‌ನಂಥ ಆ್ಯಪ್‌ಗಳಿವೆ. ಹೊರಡುವ ಮುಂಚೆ ಅಮ್ಮನ ಫೋನಿಗೂ ಅದನ್ನು ಹಾಕಿಕೊಟ್ಟು, ಒಂದೆರಡು ಸಲ ಮಾಡಿ ತೋರಿಸಿ ಹೋಗು. ವಿಪಿಎನ್ ಹಾಕಿಕೊ, ಏನೂ ಆಗಲ್ಲ ಅಂತ ಹೇಳುವವರು ಸಿಗುತ್ತಾರೆ. ಎಲ್ಲಿಂದ ಇಂಟರ್‌ನೆಟ್ ಬಳಸುತ್ತಿದ್ದೀಯ ಅನ್ನುವುದನ್ನು ಮರೆಮಾಡುವ ಆ್ಯಪ್ ಅದು. ಅವರ ಮಾತು ಕೇಳಬೇಡ. ಕಾನೂನುಬಾಹಿರ ಕೆಲಸಕ್ಕೆ ವಿಪಿಎನ್ ಬಳಸಿದರೆ ಅಲ್ಲಿನ ಸೈಬರ್ ಕಾನೂನಿನಲ್ಲಿ ದಂಡ ಶುರುವಾಗುವುದೇ 5 ಲಕ್ಷ ದಿರ್ಹಂನಿಂದ. ದುಡಿಯಲು ಹೋದವನಿಗೆ ಆ ಅಪಾಯ ಯಾಕೆ?

ಇಲ್ಲಿನ ನಂಬರಿಗೆ ರೋಮಿಂಗ್, ರೀಚಾರ್ಜ್ ಎಲ್ಲ ಮನೆಯಲ್ಲೇ ಮುಗಿಸು. ವಿರಾಜಪೇಟೆ ದಾಟಿದ ಮೇಲೆ ಮಾಕುಟ್ಟದ ಕಾಡಿನಲ್ಲಿ ಜೀಪಿನೊಳಗೆ ಕೂತು ಮಾಡುತ್ತೇನೆ ಅಂತ ಬಿಡಬೇಡ. ಕೆಲಸ ಬಿಟ್ಟು ವಾಪಸ್ ಬರುವ ದಿನ ಬಂದಾಗ ಅಲ್ಲಿನ ಬಾಕಿ ಕಟ್ಟಿ, ಲೈನ್ ಮುಚ್ಚಿಸಿ, ಅದರ ಕಾಗದ ತೆಗೆದುಕೊಂಡು ಬಾ.

ಗಂಡನಿಗೆ ಅಮೆರಿಕದಲ್ಲಿ ಕೆಲಸ. ಇಲ್ಲೇ ಫೋನ್ ಕೊಂಡು ಹೋಗುವುದಾ, ಅಲ್ಲಿ ಕೊಳ್ಳುವುದಾ?
*ಸೋಮವಾರಪೇಟೆಯ ಓದುಗರು*

ಈಗ ಇರುವ ಫೋನನ್ನೇ ತೆಗೆದುಕೊಂಡು ಹೋಗಿ, ಹೊಸದು ಕೊಳ್ಳಬೇಡಿ. ಆದರೆ ಅದು ಅಲ್ಲಿ ನಡೆಯುತ್ತದಾ ಅಂತ ಮೊದಲು ನೋಡಿ. *#06# ಒತ್ತಿದರೆ ಐಎಂಇಐ ನಂಬರ್, ಅಂದರೆ ಆ ಫೋನಿನ ಗುರುತು ಸಂಖ್ಯೆ ಬರುತ್ತದೆ. ಅದನ್ನು ಅಲ್ಲಿನ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ಉತ್ತರ ಸಿಗುತ್ತದೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ಮುಚ್ಚಿವೆ. ಈಗ ಕರೆ ಹೋಗಬೇಕಾದರೆ 4ಜಿಯಲ್ಲೇ ಹೋಗಬೇಕು. ನಮ್ಮ ಕೆಲವು ಫೋನುಗಳಲ್ಲಿ ಇಂಟರ್‌ನೆಟ್ ಬರುತ್ತದೆ, ಕರೆ ಮಾತ್ರ ಹೋಗುವುದಿಲ್ಲ, ಯಾಕೆ ಅಂತ ತಿಳಿಯದೆ ಜನ ಒದ್ದಾಡುತ್ತಾರೆ. ಎಟಿ ಆ್ಯಂಡ್ ಟಿ ಅಂತೂ ತಾನು ಒಪ್ಪಿದ ಫೋನುಗಳ ಪಟ್ಟಿಯನ್ನೇ ಇಟ್ಟಿದೆ.

ಕೆಲಸಕ್ಕೆ ಹೋದವರಿಗೆ ಅಲ್ಲಿನ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯೂರಿಟಿ ನಂಬರ್ ಬರುವ ತನಕ ಪ್ರೀಪೇಯ್ಡ್ ಸಾಕು, ಅದಕ್ಕೆ ಆ ನಂಬರ್ ಬೇಡ. ಅಲ್ಲಿ ಕಂತಿನಲ್ಲಿ ಕೊಟ್ಟ ಫೋನು ಸಾಮಾನ್ಯವಾಗಿ ಆ ಕಂಪನಿಗೇ ಲಾಕ್ ಆಗಿರುತ್ತದೆ, ಊರಿಗೆ ತಂದರೆ ನಮ್ಮ ಸಿಮ್ ನಡೆಯುವುದಿಲ್ಲ. ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ತಂಗಿಗೆ ತಂದುಕೊಡುತ್ತೇನೆ ಅಂತ ಮಾತು ಕೊಡುವ ಮುಂಚೆ ಇದು ಗೊತ್ತಿರಲಿ.

ನನ್ನನ್ನು ಕೇಳಿದರೆ ಊರಿನ ನಂಬರ್ ಪ್ಲಾಸ್ಟಿಕ್ ಸಿಮ್ಮಿನಲ್ಲೇ ಇರಲಿ, ಅಲ್ಲಿನದ್ದು ಇ-ಸಿಮ್ ಆಗಲಿ. ಫೋನ್ ಒಡೆದರೆ ಪ್ಲಾಸ್ಟಿಕ್ ಸಿಮ್ ತೆಗೆದು ಬೇರೆ ಫೋನಿಗೆ ಹಾಕಬಹುದು. ಅಲ್ಲಿನ ಇ-ಸಿಮ್ಮನ್ನು ಅಲ್ಲೇ ಇದ್ದೀರಿ, ಮತ್ತೆ ಪಡೆಯಬಹುದು. ಊರಿನದ್ದು ಕಳೆದರೆ ಊರಿಗೇ ಬರಬೇಕಾಗುತ್ತದೆ.

ಮೂರು ವರ್ಷದ ಮೇಲೆ ಇಂಗ್ಲೆಂಡಿನಿಂದ ಬಂದಿದ್ದೇನೆ. ನನ್ನ ಹಳೇ ನಂಬರಿಗೆ ಫೋನ್ ಮಾಡಿದರೆ ಯಾರೋ ಹಿಂದಿಯಲ್ಲಿ ಮಾತಾಡುತ್ತಾರೆ. ಬ್ಯಾಂಕು, ಆಧಾರ್ ಎಲ್ಲ ಅದೇ ನಂಬರಿನಲ್ಲಿದೆ. ಇನ್ನು ಹದಿನೈದು ದಿನ ಇಲ್ಲಿರುತ್ತೇನೆ.
*ಹೆಸರು ಬೇಡ, ಕುಶಾಲನಗರ*

ನಂಬರ್ ಹೋಯಿತು, ಅದರ ಹಿಂದೆ ಓಡಬೇಡಿ. ಕಡಿದ ನಂಬರನ್ನು 90 ದಿನ ಸುಮ್ಮನೆ ಇಟ್ಟು, ಆಮೇಲೆ ಬೇರೆಯವರಿಗೆ ಕೊಡುತ್ತಾರೆ. ಅದು ಈಗ ಅವರದ್ದೇ, ಅವರ ತಪ್ಪು ಏನೂ ಇಲ್ಲ.

ನಾಳೆಯೇ ನಿಮ್ಮ ಹೆಸರಿನಲ್ಲಿ ಹೊಸ ಸಿಮ್ ತೆಗೆದುಕೊಂಡು ನೇರ ಬ್ಯಾಂಕಿಗೆ ಹೋಗಿ. ನಂಬರ್ ಬದಲಿಸಲು ಅರ್ಜಿ ಕೊಡಿ. ಅಲ್ಲೇ ಇನ್ನೊಂದು ಕೆಲಸ ಇದೆ. ಹೊರಗೆ ಕೆಲಸಕ್ಕೆ ಹೋದವರು ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಹೊರದೇಶದಲ್ಲಿ ನೆಲೆಸಿದವರ ಖಾತೆಯಾಗಿ ಬದಲಿಸಬೇಕು. ಮೂರು ವರ್ಷ ಆದರೂ ನೀವು ಮಾಡಿಲ್ಲ ಅಂತ ನನ್ನ ಅಂದಾಜು, ಯಾರೂ ಹೇಳಿರುವುದಿಲ್ಲ. ಅದು ಆದರೆ ನಿಮಗೆ ಒಂದು ಅನುಕೂಲವೂ ಇದೆ. 2023ರ ಜನವರಿಯಲ್ಲಿ ಯುಪಿಐ ನಡೆಸುವ ಎನ್‌ಪಿಸಿಐ ಹತ್ತು ದೇಶಗಳ ಫೋನ್ ನಂಬರಿಗೆ ಎನ್‌ಆರ್‌ಇ, ಎನ್‌ಆರ್‌ಒ ಖಾತೆಯಿಂದ ಯುಪಿಐ ಬಿಡಲು ಒಪ್ಪಿತು. ಅದರಲ್ಲಿ ಇಂಗ್ಲೆಂಡ್ ಇದೆ. ನಿಮ್ಮ ಬ್ಯಾಂಕ್ ಅದನ್ನು ಕೊಡುತ್ತದಾ ಅಂತ ಅದೇ ಕೌಂಟರಿನಲ್ಲಿ ಕೇಳಿ. ನಾಪೋಕ್ಲಿನ ಅಮ್ಮನಿಗೂ ಒಂದು ಮಾತು, ಆ ಹತ್ತರಲ್ಲಿ ಜರ್ಮನಿ ಇರಲಿಲ್ಲ, ಆದ್ದರಿಂದ ನಿಮ್ಮ ಮಗಳು ಊರಿನ ನಂಬರನ್ನು ಇನ್ನೂ ಜೋಪಾನ ಮಾಡಬೇಕು.

ಬ್ಯಾಂಕ್ ಮುಗಿದ ಮೇಲೆ ಆಧಾರ್ ಕೇಂದ್ರ. ಈ ಹದಿನೈದು ದಿನದಲ್ಲೇ ಮಾಡಿಸಿ, ಅಲ್ಲಿಂದ ಮಾಡುತ್ತೇನೆ ಅಂದುಕೊಳ್ಳಬೇಡಿ. ಇಮೇಲ್‌ನಲ್ಲಿ ಹಳೇ ನಂಬರ್ ಇದ್ದರೆ ತೆಗೆಯಿರಿ. ವಾಟ್ಸಾಪ್ ಇನ್ನೂ ಹಳೇ ನಂಬರಿನಲ್ಲೇ ನಡೆಯುತ್ತಿದ್ದರೆ ಇವತ್ತೇ ಬದಲಿಸಿ, ಸೆಟ್ಟಿಂಗ್ಸ್‌ನಲ್ಲಿ ನಂಬರ್ ಬದಲಿಸುವ ದಾರಿ ಇದೆ. ಆ ಹಿಂದಿ ಮಾತಾಡುವವರು ತಮ್ಮ ಫೋನಿನಲ್ಲಿ ವಾಟ್ಸಾಪ್ ಹಾಕಿಕೊಂಡ ದಿನ ನಿಮ್ಮದು ಕೈತಪ್ಪುತ್ತದೆ. ಕೊನೆಗೆ ಸರ್ಕಾರದ ಸಂಚಾರ ಸಾಥಿ ಅನ್ನುವ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿ. ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲೇ ನನ್ನದಲ್ಲ ಅಂತ ಒತ್ತಬಹುದು.

ಮಗ, ಸೊಸೆ ಕೆನಡಾದ ಟೊರಾಂಟೊದಲ್ಲಿದ್ದಾರೆ. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ, ಲ್ಯಾಂಡ್‌ಲೈನ್ ಇದೆ. ಮಗ ಅದಕ್ಕೆ ಮಾಡಿದರೆ ಕರೆ ಹತ್ತುವುದೇ ಇಲ್ಲವಂತೆ. ನಾವಿಬ್ಬರೇ ಇರುವುದು. ಮೊಮ್ಮಗಳ ಮುಖ ನೋಡಿ ಮಾತಾಡಬೇಕು ಅಂತ ಆಸೆ.
*ಹಿರಿಯ ದಂಪತಿ, ಭಾಗಮಂಡಲದ ಹತ್ತಿರ*

ನಿಮ್ಮ ಪತ್ರ ಓದಿ ನನಗೆ ಅಮ್ಮನ ನೆನಪಾಯಿತು.

ಕರೆ ಹತ್ತದಿರುವುದಕ್ಕೆ ಕಾರಣ ಬಹುಶಃ ಆ ಸೊನ್ನೆ. ಮಡಿಕೇರಿಯ ಎಸ್‌ಟಿಡಿ ಕೋಡ್ 08272 ಅಂತ ನಮಗೆ ಬಾಯಿಪಾಠ, ಅದನ್ನೇ ಹಾಗೇ ಒತ್ತುತ್ತಾರೆ. ಹೊರದೇಶದಿಂದ ಮಾಡುವಾಗ ಮೊದಲ ಸೊನ್ನೆ ಬಿಡಬೇಕು. +91 8272 ಒತ್ತಿ, ಆಮೇಲೆ ನಿಮ್ಮ ನಂಬರ್. ಮಗನ ಪ್ಲಾನಿನಲ್ಲಿ ಭಾರತದ ಕರೆ ಸೇರಿದೆಯಾ ಅಂತ ಅವನು ಒಮ್ಮೆ ನೋಡಲಿ. ಸೇರದಿದ್ದರೆ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ, ಸೇರಿಸಿಕೊಳ್ಳುವ ಪ್ಯಾಕ್ ಕೊಡುವ ಕಂಪನಿಗಳಿವೆ.

ಮುಖ ನೋಡಬೇಕು ಅಂದರೆ ಇಂಟರ್‌ನೆಟ್ ಬೇಕು. ನಿಮ್ಮ ಲ್ಯಾಂಡ್‌ಲೈನ್ ಕೊಟ್ಟವರನ್ನೇ ಫೈಬರ್ ನಿಮ್ಮ ದಾರಿಗೆ ಬಂದಿದೆಯಾ ಅಂತ ಕೇಳಿ, ಊರಿನ ಕೇಬಲ್‌ನವರನ್ನೂ ಕೇಳಿ. ಬಂದಿದ್ದರೆ ಮನೆಗೆ ವೈಫೈ ಹಾಕಿಸಿ. ಆಗ ಸಿಗ್ನಲ್ ಇಲ್ಲದಿದ್ದರೂ ವಾಟ್ಸಾಪ್ ವಿಡಿಯೊ ಬರುತ್ತದೆ. ಮೊಬೈಲಿನಲ್ಲಿ ವೈಫೈ ಕಾಲಿಂಗ್ ಅಂತ ಒಂದು ಸೆಟ್ಟಿಂಗ್ ಇದೆ, ಜಿಯೊ ಮತ್ತು ಏರ್‌ಟೆಲ್‌ನಲ್ಲಿ ಅದು ನಡೆಯುತ್ತದೆ. ಅದನ್ನು ಆನ್ ಮಾಡಿಸಿಕೊಂಡರೆ ಮಾಮೂಲಿ ಕರೆಯೂ ಮನೆಯೊಳಗೇ ಸಿಗುತ್ತದೆ, ಗೇಟಿನ ತನಕ ಹೋಗಬೇಕಿಲ್ಲ. ವೈಫೈ ಪೆಟ್ಟಿಗೆಗೆ ಒಂದು ಚಿಕ್ಕ ಯುಪಿಎಸ್ ಬರುತ್ತದೆ, ಹಳೇ ಕಾಲದ ರೇಡಿಯೊ ಬ್ಯಾಟರಿಯಷ್ಟೇ ದೊಡ್ಡದು. ಅದನ್ನೂ ತರಿಸಿ. ಕರೆಂಟ್ ಹೋದ ಮೇಲೂ ಕೆಲವು ಗಂಟೆ ಮಾತಾಡಬಹುದು. ಆದರೆ ಲ್ಯಾಂಡ್‌ಲೈನ್ ತೆಗೆಸಬೇಡಿ. ಲೈನಿಗೆ ಮರ ಬೀಳದಿದ್ದರೆ ಮಳೆಗಾಲದಲ್ಲಿ ನಿಮಗೆ ಆಸರೆ ಅದೇ.

ಹೊತ್ತಿನ ಲೆಕ್ಕ ಹೇಳುತ್ತೇನೆ. ಬೇಸಿಗೆಯಲ್ಲಿ ಟೊರಾಂಟೊ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ. ನಿಮಗೆ ಬೆಳಿಗ್ಗೆ 7 ಆದಾಗ ಅವರಿಗೆ ಹಿಂದಿನ ರಾತ್ರಿ 9.30, ಚಳಿಗಾಲದಲ್ಲಿ 8.30. ಬೇಸಿಗೆಯಲ್ಲಿ ಆ ಹೊತ್ತಿಗೆ ಮೊಮ್ಮಗಳು ಮಲಗಿರುತ್ತಾಳೆ. ಸಂಜೆ ಮಾಡಿ. ಶನಿವಾರ, ಭಾನುವಾರ ನಿಮಗೆ ಸಂಜೆ 6.30 ಆದಾಗ ಅವರಿಗೆ ಬೆಳಿಗ್ಗೆ 9, ಚಳಿಗಾಲದಲ್ಲಿ 8. ಶಾಲೆ ಇಲ್ಲ, ಮಗು ಆಗಷ್ಟೇ ಎದ್ದಿರುತ್ತದೆ.